ತೆರೆದ ಕಪಾಟು, ಬೀಗದ ಬೀರು: ಗ್ರಂಥಾಲಯದ ಕಂಪ್ಯೂಟರ್ ನಿಯಮಗಳ ವಿಮರ್ಶೆ

ಸಾರ್ವಜನಿಕ ಗ್ರಂಥಾಲಯದ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಳಕೆಗೆ ರಚಿಸುವ ನಿಯಮಾವಳಿ ಸಾಮಾನ್ಯವಾಗಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ: ಒಬ್ಬರು ಎಷ್ಟು ಹೊತ್ತು ಕೂರಬಹುದು, ಏನನ್ನು ನೋಡಬಾರದು, ಬಳಕೆಯ ಯಾವ ದಾಖಲೆ ಉಳಿಯುತ್ತದೆ, ನಿಯಮ ಮುರಿದರೆ ಏನಾಗುತ್ತದೆ. ಅಮೆರಿಕದ ಗ್ರಂಥಾಲಯಗಳು 1990ರ ದಶಕದಿಂದ ಈ ನಿಯಮಗಳನ್ನು ಬರೆಯುತ್ತ, ತಿದ್ದುತ್ತ, ನ್ಯಾಯಾಲಯದಲ್ಲಿ ವಾದಿಸುತ್ತ ಬಂದಿವೆ. ಹೀಗಾಗಿ ಅವುಗಳ ಗುಣದೋಷ ಅಳೆಯಲು ಅಲ್ಲಿನ ಅನುಭವವೇ ಹೆಚ್ಚು ಒದಗುತ್ತದೆ.

ಅಳತೆಗೋಲು ಮಾತ್ರ ಭಾರತದಲ್ಲೇ ಇದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ತಿರುಳು, ಪುಸ್ತಕ ಕಾಪಿಡುವುದಕ್ಕಿಂತ ಅದು ಓದುಗನ ಕೈಸೇರುವುದು ಮುಖ್ಯ ಎಂಬುದು. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರು ತೆರೆದ ಕಪಾಟಿನ ಪದ್ಧತಿಯನ್ನು ತಂದದ್ದು ಇದೇ ತತ್ವದ ಮೇಲೆ. ಬೀಗ ಹಾಕಿದ ಬೀರುವಿನ ಗ್ರಂಥಾಲಯದಲ್ಲಿಯೂ ಪುಸ್ತಕ ಸಿಗುತ್ತಿತ್ತು. ಆದರೆ ಅದರ ಹೆಸರು ಮೊದಲೇ ಗೊತ್ತಿರಬೇಕಿತ್ತು, ಮೇಜಿನ ಹಿಂದೆ ಕುಳಿತವರನ್ನು ಕೇಳಬೇಕಿತ್ತು. ಕಂಪ್ಯೂಟರ್ ನಿಯಮಗಳನ್ನು ಪರೀಕ್ಷಿಸುವಾಗಲೂ ಇದೇ ಪ್ರಶ್ನೆ ಸಲ್ಲುತ್ತದೆ: ಓದುಗ ತಾನಾಗಿ ಪಡೆಯಬಹುದಾದದ್ದೆಷ್ಟು, ಕೇಳಿ ಪಡೆಯಬೇಕಾದದ್ದೆಷ್ಟು?

ಹೊತ್ತಿನ ನಿಯಮ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಗ್ರಂಥಾಲಯದ ಕಾರ್ಡಿನ ಸಂಖ್ಯೆ ಕೊಟ್ಟು ಲಾಗಿನ್ ಆದವರಿಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಸಿಗುತ್ತದೆ. ಅವಧಿ ಮುಗಿಯುವ ಮುನ್ನ ತೆರೆಯ ಮೇಲೆ ಎಚ್ಚರಿಕೆ ಬರುತ್ತದೆ, ಆಮೇಲೆ ಕಂಪ್ಯೂಟರ್ ತಾನೇ ಮುಚ್ಚಿಕೊಳ್ಳುತ್ತದೆ. ಕೆಲಸಕ್ಕೆ ಅರ್ಜಿ ಹಾಕುವವರಿಗೂ ಚದುರಂಗ ಆಡುವವರಿಗೂ ಗಡಿಯಾರ ಒಂದೇ. ಬಳಕೆಯ ಉದ್ದೇಶವನ್ನು ವಿಚಾರಿಸದಿರುವುದೇ ಈ ನಿಯಮದ ದೊಡ್ಡ ಗುಣ.

ಅದರ ದೋಷವೂ ಅಲ್ಲೇ ಇದೆ. ಎಲ್ಲರಿಗೂ ಹೊತ್ತು ಸಮಾನವಾದರೂ ಎಲ್ಲರ ಕೆಲಸವೂ ಅಷ್ಟೇ ಹೊತ್ತಿನಲ್ಲಿ ಮುಗಿಯುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಯನ್ನೋ ನೇಮಕಾತಿಯ ಅರ್ಜಿಯನ್ನೋ ತುಂಬುವವರು ಫೋಟೊ ಮತ್ತು ಸಹಿಯನ್ನು ಹೇಳಿದಷ್ಟೇ ಕೆಬಿಗೆ ಇಳಿಸಬೇಕು, ಒಟಿಪಿಗೆ ಕಾಯಬೇಕು, ಶುಲ್ಕ ಸಂದಾಯವಾಗುವವರೆಗೆ ಕೂರಬೇಕು. ಕೊನೆಯ ದಿನವಾದರೆ ಸರ್ವರ್ ಬೇರೆ ಕೈಕೊಡುತ್ತದೆ. ಮಧ್ಯದಲ್ಲಿ ತೆರೆ ಮುಚ್ಚಿದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು. ಸರದಿಯಲ್ಲಿ ಯಾರೂ ಇಲ್ಲದಿದ್ದರೆ ಅವಧಿ ತಾನೇ ಮುಂದುವರಿಯುವ ಏರ್ಪಾಡು, ಅರ್ಜಿ ಮತ್ತು ಆನ್‌ಲೈನ್ ಪರೀಕ್ಷೆಗಳಿಗೆ ಮೀಸಲಾದ ಒಂದೆರಡು ಯಂತ್ರಗಳು, ಇವೆರಡಿದ್ದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ನೋಟದ ಮೇಲಿನ ನಿರ್ಬಂಧ ಇಷ್ಟು ಸರಳವಲ್ಲ. ವರ್ಜೀನಿಯಾದ ಲೌಡನ್ ಕೌಂಟಿಯ ಗ್ರಂಥಾಲಯ ತನ್ನ ಎಲ್ಲ ಕಂಪ್ಯೂಟರ್‌ಗಳಿಗೂ ಸೋಸುವ ತಂತ್ರಾಂಶ, ಅಂದರೆ ಫಿಲ್ಟರ್, ಅಳವಡಿಸಿದಾಗ ಫೆಡರಲ್ ನ್ಯಾಯಾಲಯ 1998ರಲ್ಲಿ ಆ ನೀತಿಯನ್ನು ಸಂವಿಧಾನಬಾಹಿರ ಎಂದಿತು. ಆದರೆ 2000ದಲ್ಲಿ ಅಮೆರಿಕದ ಸಂಸತ್ತು ಮಕ್ಕಳ ಇಂಟರ್ನೆಟ್ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಇಂಟರ್ನೆಟ್ ಸಂಪರ್ಕಕ್ಕೆ ‘ಇ-ರೇಟ್’ ಯೋಜನೆಯ ರಿಯಾಯಿತಿ ಬೇಕಾದ ಗ್ರಂಥಾಲಯ ಅಶ್ಲೀಲ ಚಿತ್ರಗಳನ್ನೂ ಮಕ್ಕಳಿಗೆ ಹಾನಿಕರವಾದ ಚಿತ್ರಗಳನ್ನೂ ತಡೆಯುವ ಫಿಲ್ಟರ್ ಅಳವಡಿಸಲೇಬೇಕು ಎಂಬುದು ಅದರ ಷರತ್ತು. ಹದಿನೇಳು ತುಂಬಿದವರು ಸಂಶೋಧನೆಗೋ ಇತರ ಕಾನೂನುಬದ್ಧ ಕೆಲಸಕ್ಕೋ ಬೇಕೆಂದರೆ ಫಿಲ್ಟರನ್ನು ತೆಗೆಯಲು ಕಾಯ್ದೆಯೇ ಅವಕಾಶ ಇಟ್ಟಿತು.

ಕಾಯ್ದೆ ಹೇಳುವುದು ಚಿತ್ರಗಳ ಬಗ್ಗೆ; ಫಿಲ್ಟರ್ ಕೆಲಸ ಮಾಡುವುದು ಹೆಚ್ಚಾಗಿ ಪದ, ವಿಳಾಸ ಮತ್ತು ವರ್ಗಗಳ ಮೇಲೆ. ಹೀಗಾಗಿ ಸ್ತನ ಕ್ಯಾನ್ಸರ್, ಗರ್ಭನಿರೋಧ, ಲೈಂಗಿಕ ಆರೋಗ್ಯದಂಥ ವಿಷಯಗಳೂ ಜಾಲರಿಯಲ್ಲಿ ಸಿಕ್ಕಿಬೀಳುತ್ತವೆ, ನಿಜವಾಗಿ ತಡೆಯಬೇಕಾದದ್ದು ಕೆಲವೊಮ್ಮೆ ನುಸುಳಿಹೋಗುತ್ತದೆ. ಯಾವ ತಾಣ ಯಾವ ವರ್ಗಕ್ಕೆ ಸೇರಬೇಕೆಂದು ಪಟ್ಟಿ ಮಾಡುವುದು ತಂತ್ರಾಂಶದ ಕಂಪನಿ. ಪುಸ್ತಕದ ಆಯ್ಕೆಯಲ್ಲಿ ಗ್ರಂಥಪಾಲಕರು ಬಳಸುವ ವಿವೇಚನೆಗೆ ಇಲ್ಲಿ ಜಾಗ ಕಡಿಮೆ.

2003ರಲ್ಲಿ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಯಾವ ಪುಸ್ತಕ ಕೊಳ್ಳಬೇಕೆಂದು ಗ್ರಂಥಾಲಯ ನಿರ್ಧರಿಸುವಂತೆಯೇ ಯಾವ ತಾಣ ಬೇಡವೆಂದೂ ನಿರ್ಧರಿಸಬಹುದು ಎಂಬುದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರ ವಾದ. ಫಿಲ್ಟರ್ ತೆಗೆಯಿರಿ ಎಂದು ಕೇಳುವಾಗ ಆಗುವ ಮುಜುಗರದಿಂದ ಸಂವಿಧಾನ ರಕ್ಷಣೆ ಕೊಡುವುದಿಲ್ಲ ಎಂದೂ ಅವರು ಬರೆದರು. ಪ್ರತ್ಯೇಕ ಅಭಿಪ್ರಾಯ ಬರೆದ ನ್ಯಾಯಮೂರ್ತಿ ಕೆನಡಿ ಅವರ ಒಪ್ಪಿಗೆ ನಿಂತದ್ದು, ವಯಸ್ಕರು ಕೇಳಿದೊಡನೆ ಫಿಲ್ಟರ್ ತೆಗೆಯಲಾಗುತ್ತದೆ ಎಂಬ ಭರವಸೆಯ ಮೇಲೆ. ಭಿನ್ನಮತದ ನ್ಯಾಯಮೂರ್ತಿ ಸ್ಟೀವನ್ಸ್ ಎತ್ತಿದ ಆಕ್ಷೇಪಣೆ ಹೆಚ್ಚು ಆಳದ್ದು: ಏನನ್ನು ಮರೆಮಾಡಲಾಗಿದೆ ಎಂದೇ ತಿಳಿಯದ ಓದುಗ ಅದನ್ನು ತೆಗೆಯಿರಿ ಎಂದು ಕೇಳುವುದಾದರೂ ಹೇಗೆ? ಬೀಗದ ಬೀರುವಿನ ಕಷ್ಟವೂ ಇದೇ ಆಗಿತ್ತು.

ಕೇಳಿದೊಡನೆ ತೆಗೆಯುವ ಭರವಸೆಯೂ ಎಲ್ಲ ಕಡೆ ಉಳಿಯಲಿಲ್ಲ. ವಾಷಿಂಗ್ಟನ್ ರಾಜ್ಯದ ನಾರ್ತ್ ಸೆಂಟ್ರಲ್ ರೀಜನಲ್ ಲೈಬ್ರರಿ ವಯಸ್ಕರು ಕೇಳಿದರೂ ಫಿಲ್ಟರನ್ನು ಪೂರ್ತಿ ತೆಗೆಯುವುದಿಲ್ಲ, ಒಂದೊಂದು ತಾಣವನ್ನು ಬಿಡಿಬಿಡಿಯಾಗಿ ಪರಿಶೀಲಿಸುತ್ತೇವೆ ಎಂಬ ನೀತಿ ಇಟ್ಟುಕೊಂಡಿತು. ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ಅದು ರಾಜ್ಯದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಕಾನೂನಿನ ಒಪ್ಪಿಗೆ ಸಿಕ್ಕಿದ ಮಾತ್ರಕ್ಕೆ ನಿಯಮ ಒಳ್ಳೆಯದಾಗುವುದಿಲ್ಲ. ಕಾಯಿಲೆಯ ಬಗ್ಗೆ ಓದಲು ಬಂದವರು ಆ ಕಾಯಿಲೆಯ ಹೆಸರನ್ನು ಸಿಬ್ಬಂದಿಗೆ ಹೇಳಬೇಕಾದರೆ, ಬಹಳಷ್ಟು ಮಂದಿ ಓದದೆಯೇ ಎದ್ದುಹೋಗುತ್ತಾರೆ. ಮಕ್ಕಳ ವಿಭಾಗದ ಯಂತ್ರಗಳಿಗೆ ಫಿಲ್ಟರ್, ವಯಸ್ಕರಿಗೆ ಲಾಗಿನ್ ಆಗುವಾಗಲೇ ‘ಬೇಕು’ ಅಥವಾ ‘ಬೇಡ’ ಎಂದು ಒತ್ತುವ ಆಯ್ಕೆ ಇರುವ ವ್ಯವಸ್ಥೆ ಇದಕ್ಕಿಂತ ಎಷ್ಟೋ ಮೇಲು.

ದಾಖಲೆಯ ವಿಷಯದಲ್ಲಿ ಅಮೆರಿಕ ಮತ್ತು ಭಾರತದ ದಾರಿಗಳು ಕವಲೊಡೆಯುತ್ತವೆ. ಅಲ್ಲಿನ ಬಹುತೇಕ ರಾಜ್ಯಗಳ ಕಾನೂನು ಗ್ರಂಥಾಲಯದ ಬಳಕೆದಾರರ ದಾಖಲೆಯನ್ನು ಗೋಪ್ಯವೆಂದು ಪರಿಗಣಿಸುತ್ತದೆ. ಒಬ್ಬರು ಎದ್ದೊಡನೆ ಅವರ ಬಳಕೆಯ ಜಾಡನ್ನು ಯಂತ್ರದಿಂದ ಅಳಿಸಿಹಾಕುವುದು ಅನೇಕ ಕಡೆ ರೂಢಿ. 2005ರಲ್ಲಿ ಕನೆಕ್ಟಿಕಟ್‌ನ ಗ್ರಂಥಾಲಯ ಒಕ್ಕೂಟವೊಂದರಿಂದ ಎಫ್‌ಬಿಐ ಕಂಪ್ಯೂಟರ್ ಬಳಕೆಯ ವಿವರ ಕೇಳಿತು, ಕೇಳಿದ ಸಂಗತಿಯನ್ನು ಹೊರಗೆ ಹೇಳಬಾರದೆಂದೂ ವಿಧಿಸಿತು. ಒಕ್ಕೂಟದ ನಾಲ್ವರು ಒಪ್ಪದೆ ನ್ಯಾಯಾಲಯಕ್ಕೆ ಹೋದರು. 2006ರಲ್ಲಿ ಸರ್ಕಾರವೇ ಹಿಂದೆ ಸರಿಯಿತು. ಬೇಡದ ದಾಖಲೆಯನ್ನು ಮೊದಲೇ ಇಟ್ಟುಕೊಳ್ಳದಿದ್ದರೆ ಕೊಡುವ ಪ್ರಶ್ನೆಯೇ ಏಳುವುದಿಲ್ಲ ಎಂಬ ಎಚ್ಚರ ಆ ಕಾಲದಲ್ಲಿ ಬಲವಾಯಿತು.

ಭಾರತದಲ್ಲಿ 2011ರ ಸೈಬರ್ ಕೆಫೆ ನಿಯಮಗಳು ಇದಕ್ಕೆ ತದ್ವಿರುದ್ಧ. ಬಳಕೆದಾರರು ಗುರುತಿನ ಚೀಟಿ ತೋರಿಸಬೇಕು. ಹೆಸರು, ವಿಳಾಸ, ಬಂದ ಮತ್ತು ಹೋದ ಹೊತ್ತು ರಿಜಿಸ್ಟರಿನಲ್ಲಿ ದಾಖಲಾಗಬೇಕು. ನೋಡಿದ ತಾಣಗಳ ವಿವರವನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು. ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರವಿರಬಾರದು. ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿರುವ ಸೈಬರ್ ಕೆಫೆಯ ವ್ಯಾಖ್ಯೆ ಹೇಳುವುದು ವ್ಯವಹಾರದ ಸಹಜ ಕ್ರಮದಲ್ಲಿ ಇಂಟರ್ನೆಟ್ ಒದಗಿಸುವವರ ಬಗ್ಗೆ. ಹಣ ಪಡೆಯದ ಗ್ರಂಥಾಲಯ ಅದರೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟ ಮಾತು. ಕೆಫೆಗೆ ಮಾಡಿದ ನಿಯಮವನ್ನು ಗ್ರಂಥಾಲಯ ಕಣ್ಣುಮುಚ್ಚಿ ಎತ್ತಿಕೊಳ್ಳಬೇಕಾಗಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಒಮ್ಮತದಿಂದ ಸಾರಿದ ಮೇಲಂತೂ ಆ ಅನುಕರಣೆಗೆ ಸಮರ್ಥನೆ ಕಷ್ಟ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಕರ್ನಾಟಕದಲ್ಲಿ ಈ ಚರ್ಚೆ ಈಗ ಹಳ್ಳಿಯ ಮಟ್ಟಕ್ಕೆ ಇಳಿದಿದೆ. ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದು, ಇಂದು ‘ಅರಿವು ಕೇಂದ್ರ’ಗಳೆನಿಸಿವೆ, ಅನೇಕ ಕಡೆ ಕಂಪ್ಯೂಟರ್ ಬಂದಿದೆ. ಇಂಥ ಕಡೆ ಮೇಜಿನ ಮೇಲೆ ತೆರೆದಿಟ್ಟ ರಿಜಿಸ್ಟರಿನಲ್ಲಿ ಹೆಸರು, ಮೊಬೈಲ್ ನಂಬರ್ ಬರೆಸುವುದು ನಿರುಪದ್ರವಿ ರೂಢಿಯಂತೆ ಕಾಣುತ್ತದೆ. ಆದರೆ ಮುಂದಿನ ಸಾಲಿನಲ್ಲಿ ಬರೆಯುವವರು ಹಿಂದಿನವರ ನಂಬರನ್ನೂ ಓದುತ್ತಾರೆ. ಹೆಣ್ಣುಮಕ್ಕಳು ಬರಲು ಹಿಂಜರಿಯಲು ಇಷ್ಟು ಸಾಕು. ಹಾಜರಾತಿಯ ಎಣಿಕೆಗೆ ಬೇಕಾದದ್ದು ಸಂಖ್ಯೆ ಮಾತ್ರ. ತೆರೆಯ ದಿಕ್ಕಿನ ಬಗ್ಗೆಯೂ ಇದೇ ಮಾತು: ಮಕ್ಕಳ ತೆರೆ ಮೇಲ್ವಿಚಾರಕರಿಗೆ ಕಾಣುವಂತಿರುವುದು ಸರಿ, ವಯಸ್ಕರ ಅರ್ಜಿಯಲ್ಲಿನ ಆಧಾರ್ ಸಂಖ್ಯೆ ಬಾಗಿಲಲ್ಲಿ ನಿಂತವರಿಗೆಲ್ಲ ಕಾಣುವಂತಿರುವುದು ತಪ್ಪು.

ರಕ್ಷಣೆಯ ಹೆಸರಿನ ನಿಯಮ ನಿರ್ಬಂಧವಾಗಿ ಬದಲಾಗಲು ಹೆಚ್ಚು ಹೊತ್ತು ಬೇಕಿಲ್ಲ. ಕಾಲೇಜು ಹಾಸ್ಟೆಲೊಂದರಲ್ಲಿ ವಿದ್ಯಾರ್ಥಿನಿಯರು ಓದುವ ಹೊತ್ತಿನಲ್ಲಿ ಮೊಬೈಲ್ ಬಳಸಬಾರದೆಂದು ವಿಧಿಸಿದ್ದ ನಿಯಮ ಕೇರಳ ಹೈಕೋರ್ಟಿನ ಮುಂದೆ ಬಂದಾಗ, ಇಂಟರ್ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಭಾಗವೆಂದು 2019ರಲ್ಲಿ ಅದು ಹೇಳಿತು. ಸ್ವಂತ ಫೋನ್ ಇರುವವರ ವಿಷಯದಲ್ಲೇ ಇದು ನಿಜವಾದರೆ, ಗ್ರಂಥಾಲಯದ ಕಂಪ್ಯೂಟರ್ ಒಂದೇ ಆಸರೆಯಾಗಿರುವವರಿಗೆ ಇನ್ನೂ ನಿಜ.

ಕೊನೆಯದು ಶಿಕ್ಷೆಯ ಕಲಮು; ನಿಯಮಾವಳಿಗಳಲ್ಲಿ ಅತಿ ಅವಸರದಲ್ಲಿ ಬರೆಯುವುದೂ ಇದನ್ನೇ. ‘ದುರುಪಯೋಗ ಮಾಡಿದವರಿಗೆ ಬಳಕೆ ನಿರಾಕರಿಸಲಾಗುವುದು’ ಎಂಬ ಒಂದು ಸಾಲು ಯಾವುದು ದುರುಪಯೋಗ, ನಿರಾಕರಣೆ ಎಷ್ಟು ದಿನ, ನಿರ್ಧರಿಸುವವರು ಯಾರು ಎಂಬುದನ್ನು ಹೇಳುವುದಿಲ್ಲ. ಯಂತ್ರ ಕೆಡಿಸುವುದು, ಕಾನೂನು ಮುರಿಯುವುದು, ಪಕ್ಕದವರನ್ನು ಪೀಡಿಸುವುದು ಎಂದು ಕೃತ್ಯಗಳನ್ನು ಹೆಸರಿಸಿ, ಅವಧಿ ನಮೂದಿಸಿ, ಮೇಲಧಿಕಾರಿಗೆ ದೂರು ಕೊಡುವ ದಾರಿ ತೋರಿಸಿ, ಇಷ್ಟನ್ನೂ ತಿಳಿಗನ್ನಡದಲ್ಲಿ ಬರೆದರೆ ಒಂದು ಹಾಳೆ ಸಾಕು. ಓದುಗರು ಏನನ್ನು ಓದಬೇಕೆಂದು ಹೇಳುವ ಸಾಲುಗಳು ಆ ಹಾಳೆಯಲ್ಲಿ ಕಡಿಮೆಯಾದಷ್ಟೂ ಅದು ಒಳ್ಳೆಯ ನಿಯಮಾವಳಿ.