ಕಕ್ಷಿದಾರನ ಗುಟ್ಟು, ವಕೀಲರ ರೀಲು

ರೋಣ ಭಾಗದ ಜಕ್ಕಲಿ ಎಂದರೆ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರು. ಈ ಕಡೆಯವರಿಗೆ ಹೈಕೋರ್ಟ್ ಎಂದರೆ ಬಹುಕಾಲ ದೂರದ ಬೆಂಗಳೂರೇ ಆಗಿತ್ತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾದಾಗ ಅದು ಹತ್ತಿರ ಬಂತು. ಈಗ ಅಂಗಿಯ ಜೇಬಿಗೇ ಬಂದಿದೆ. ಕಲಾಪದ ನೇರಪ್ರಸಾರಕ್ಕೆ ಕರ್ನಾಟಕ ಹೈಕೋರ್ಟ್ ರೂಪಿಸಿದ ನಿಯಮಗಳು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಆದರೆ ಹಳ್ಳಿಯ ಮೊಬೈಲಿಗೆ ತಲುಪುವುದು ನೇರಪ್ರಸಾರವಲ್ಲ, ಅದರಿಂದ ಕತ್ತರಿಸಿದ ತುಣುಕು. ಜೀವನಾಂಶ ಕೇಳಿ ಬಂದ ಹೆಣ್ಣುಮಗಳ ಸಂಕಟ 'ಜಡ್ಜ್ ಗರಂ' ಎಂಬ ತಲೆಬರಹದ ಕೆಳಗೆ ಮನರಂಜನೆಯಾಗುತ್ತದೆ.

ಹಾಗೆಂದು ತುಣುಕುಗಳನ್ನೆಲ್ಲ ಅಳಿಸಿಬಿಡಬೇಕೆ? 2024ರ ಸೆಪ್ಟೆಂಬರನ್ನು ನೆನಪಿಸಿಕೊಳ್ಳಿ. ನ್ಯಾಯಮೂರ್ತಿ ವಿ. ಶ್ರೀಶಾನಂದ ಅವರು ವಿಚಾರಣೆಯ ನಡುವೆ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಹೋಲಿಸಿದ್ದು, ವಕೀಲೆಯೊಬ್ಬರನ್ನು ಕುರಿತು ಆಡಿದ ಮಾತು, ಎರಡೂ ನಾಡಿಗೆ ತಿಳಿದದ್ದು ಇಂಥ ತುಣುಕುಗಳಿಂದಲೇ. ಸುಪ್ರೀಂ ಕೋರ್ಟ್ ತಾನಾಗಿ ವಿಚಾರಣೆ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದರು. ಸೆಪ್ಟೆಂಬರ್ 25ರಂದು ಪ್ರಕರಣ ಮುಗಿಯಿತು. ದೇಶದ ಯಾವ ಭಾಗವನ್ನೂ ಹಾಗೆ ಕರೆಯಕೂಡದೆಂದು ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಹೇಳಿದರು. ಬೆಳಕಿಗೆ ಪರದೆ ಎಳೆಯುವುದಲ್ಲ, ಇನ್ನಷ್ಟು ಬೆಳಕೇ ಪರಿಹಾರ ಎಂಬ ಅರ್ಥದ ಮಾತನ್ನೂ ಆಡಿದರು. ಅದೇ ವಾರ ಬೆಂಗಳೂರು ವಕೀಲರ ಸಂಘ ಹೈಕೋರ್ಟಿಗೆ ಹೋಗಿ ತುಣುಕುಗಳ ಪ್ರಸಾರಕ್ಕೆ ಮಧ್ಯಂತರ ತಡೆ ಪಡೆಯಿತು. ತುಣುಕುಗಳ ದುರುಪಯೋಗದ ಬಗ್ಗೆ ಸಂಘಕ್ಕಿದ್ದ ಆತಂಕ ಸುಳ್ಳಲ್ಲ. ಆದರೆ ಆ ಹೊತ್ತಿನಲ್ಲಿ ಕನ್ನಡಿಯನ್ನೇ ಮುಚ್ಚಲು ಹೊರಟದ್ದು ಒಂದು ಬಡಾವಣೆಯ ಸಾವಿರಾರು ಜನರಿಗೆ ಹೇಗೆ ಕಂಡಿರಬೇಕು?

ಸಂಘ ಮೊದಲು ನೋಡಬೇಕಿದ್ದುದು ತನ್ನ ಅಂಗಳವನ್ನು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ನಾಮಫಲಕದ ಗಾತ್ರವೂ ಮಿತವಾಗಿರಬೇಕೆನ್ನುತ್ತದೆ, ಇಂಥ ಕೆಲಸದಲ್ಲಿ ಪರಿಣತ ಎಂದು ಅದರ ಮೇಲೆ ಬರೆಯಬಾರದೆನ್ನುತ್ತದೆ. ತಾನು ನಡೆಸಿದ ಮೊಕದ್ದಮೆಯ ಬಗ್ಗೆ ಪತ್ರಿಕೆಗೆ ಹೇಳಿಕೆ ಕೊಟ್ಟು, ಫೋಟೋ ಹಾಕಿಸಿ ಕಕ್ಷಿದಾರರನ್ನು ಸೆಳೆಯುವುದನ್ನೂ ನಿಷೇಧಿಸುತ್ತದೆ. 2008ರ ತಿದ್ದುಪಡಿ ಸಡಿಲಿಸಿದ್ದು ಇಷ್ಟೇ: ಹೆಸರು, ವಿಳಾಸ, ನೋಂದಣಿ, ವಿದ್ಯಾರ್ಹತೆ, ವೃತ್ತಿಕ್ಷೇತ್ರದಂಥ ವಿವರಗಳನ್ನು ಅಂತರ್ಜಾಲ ತಾಣದಲ್ಲಿ ಕೊಡಬಹುದು. 2025ರ ಮಾರ್ಚಿನಲ್ಲಿ ಪರಿಷತ್ತು ಸಾಮಾಜಿಕ ಜಾಲತಾಣಗಳ ಪ್ರಚಾರದ ವಿರುದ್ಧ ಮತ್ತೆ ಎಚ್ಚರಿಸಬೇಕಾಯಿತು. ಜಾಮೀನು ಸಿಕ್ಕ ಸಂಜೆಯೇ ಕಕ್ಷಿದಾರನ ಹೆಗಲ ಮೇಲೆ ಕೈಯಿಟ್ಟು ತೆಗೆಸಿಕೊಂಡ ಫೋಟೋ, ಕೆಳಗೆ ಫೋನ್ ನಂಬರು. ಇದು ಫಲಕವಲ್ಲದೆ ಮತ್ತೇನು?

ಇದನ್ನು ಬರೀ ಜಾಹೀರಾತಿನ ಪ್ರಶ್ನೆಯೆಂದು ನೋಡುವುದೂ ಸಾಲದು. ಕಕ್ಷಿದಾರ ನಂಬಿ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು ಎಂಬುದು 1872ರ ಸಾಕ್ಷ್ಯ ಕಾಯ್ದೆಯ 126ನೇ ಕಲಮಿನಲ್ಲಿತ್ತು. 2024ರ ಜುಲೈನಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದಲ್ಲಿ ಅದು 132ನೇ ಕಲಮಾಗಿ ಮುಂದುವರಿದಿದೆ. ಕೆಲವರು ಇದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದಾರೆ. ಹೆಸರು ಬಿಟ್ಟು ಕಥೆ ಹೇಳುತ್ತಾರೆ. ಮಹಾನಗರದಲ್ಲಿ ಅದು ನಡೆದೀತು. 'ಜಕ್ಕಲಿ ಕಡೆಯ ಒಬ್ಬ ಟೀಚರು, ಗಂಡ ಗಲ್ಫಿನಲ್ಲಿ, ಎರಡು ಮಕ್ಕಳು' ಎಂದು ಬರೆದು ನೋಡಿ. ಸಂತೆ ಮುಗಿಯುವುದರೊಳಗೆ ಮನೆಯ ಬಾಗಿಲು ಗೊತ್ತಾಗಿರುತ್ತದೆ. ತಲಾಖ್ ಪ್ರಕರಣವಾದರಂತೂ ಹಂಚುವವರಿಗೆ ಕೊರತೆಯೇ ಇಲ್ಲ, ಆ ಹೆಣ್ಣಿನ ಬದುಕು ಎರಡೂ ಕಡೆಯ ಗುಂಪುಗಳಿಗೆ ವಾದದ ಸರಕಾಗುತ್ತದೆ.

ಜಾಲತಾಣದ ಬಿಸಿ ವಕೀಲರನ್ನೂ ಹೇಗೆ ಸುಡುತ್ತದೆಂಬುದನ್ನು ಹುಬ್ಬಳ್ಳಿ 2020ರಲ್ಲಿ ಕಂಡಿತು. ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಡಿಯೋ ಹರಿದಾಡಿದ್ದೇ ತಡ, ಅವರ ಪರ ಯಾರೂ ಹಾಜರಾಗಬಾರದೆಂದು ಅಲ್ಲಿನ ವಕೀಲರ ಸಂಘ ಠರಾವು ಮಾಡಿತು. ಇಂಥ ಠರಾವುಗಳು ಅಸಿಂಧುವೆಂದು ಸುಪ್ರೀಂ ಕೋರ್ಟ್ ಮೊಹಮ್ಮದ್ ರಫಿ ಪ್ರಕರಣದಲ್ಲಿ 2010ರಲ್ಲೇ ತೀರ್ಪು ಕೊಟ್ಟಿತ್ತು. ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಬೆಂಗಳೂರಿನಿಂದ ಬಂದ ವಕೀಲರು ಧಾರವಾಡದ ನ್ಯಾಯಾಲಯಕ್ಕೆ ಪೊಲೀಸ್ ರಕ್ಷಣೆಯಲ್ಲಿ ಹೋದರು.

ವಕಾಲತ್ತುನಾಮೆಗೆ ಸಹಿ ಹಾಕುವ ರೈತ ವಾದಿಸಲು, ಕಾಗದ ಹಾಜರುಪಡಿಸಲು, ರಾಜಿ ಮಾಡಲು ಅಧಿಕಾರ ಕೊಡುತ್ತಾನೆ. ತನ್ನ ಮುಖವನ್ನು ಫೇಸ್‌ಬುಕ್ಕಿಗೆ ಹಾಕಲು ಅದರಲ್ಲಿ ಎಲ್ಲಿಯೂ ಒಪ್ಪಿರುವುದಿಲ್ಲ. ರೋಣ, ಗದಗಿನ ವಕೀಲರ ಸಂಘಗಳು ಈ ಒಂದು ವಿಷಯವನ್ನಾದರೂ ತಮ್ಮ ಮುಂದಿನ ಸಭೆಗೆ ತರಲಿ. ಅದಕ್ಕೆ ದಿಲ್ಲಿಯ ಸುತ್ತೋಲೆಗಾಗಿ ಕಾಯಬೇಕಿಲ್ಲ.