ಕೊಳವೆಗೆ ಮರುಳಾಗುವ ಮುನ್ನ

ದೂರದರ್ಶಕ ಕೊಳ್ಳಲು ಹೊರಟವರು ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಅದಕ್ಕಿಂತ ಮುಖ್ಯವಾದದ್ದು ಕೊಳವೆಯನ್ನು ಹೊತ್ತು ನಿಲ್ಲುವ ಮೌಂಟ್. ಭೂಮಿಯ ಭ್ರಮಣದಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತದೆ. 200 ಪಟ್ಟು ವರ್ಧನೆಯಲ್ಲಿ ಕಣ್ಣಿಟ್ಟು ನೋಡುವ ಮಸೂರ, ಅಂದರೆ ಸಾಧಾರಣ ಐಪೀಸಿಗೆ ದಕ್ಕುವುದು ಕಾಲು ಡಿಗ್ರಿಯಷ್ಟು ಆಕಾಶ. ಒಂದು ಅಂಚಿನಲ್ಲಿ ಹೊಕ್ಕ ಗುರುಗ್ರಹ ಸುಮಾರು ಒಂದು ನಿಮಿಷದಲ್ಲಿ ಮತ್ತೊಂದು ಅಂಚಿನಿಂದ ಹೊರಬಿದ್ದಿರುತ್ತದೆ. ಮುಟ್ಟಿದರೆ ನಡುಗುವ ಟ್ರೈಪಾಡ್ ಇಟ್ಟುಕೊಂಡು ಅದರ ಬೆನ್ನು ಹತ್ತುವುದು ಶಿಕ್ಷೆಯೇ ಸರಿ.

ಈ ಓಟಕ್ಕೆ ಹಳೆಯ, ಸೊಗಸಾದ ಉತ್ತರ ಇಕ್ವೆಟೋರಿಯಲ್ ಮೌಂಟ್. ಅದರ ಒಂದು ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಟ್ಟು, 23 ಗಂಟೆ 56 ನಿಮಿಷಕ್ಕೊಂದು ಸುತ್ತಿನ ವೇಗದಲ್ಲಿ ಮೋಟಾರು ತಿರುಗಿಸಿದರೆ ನಕ್ಷತ್ರ ಕಣ್ಣೆದುರು ನಿಂತೇಬಿಡುತ್ತದೆ. ತೊಡಕಿರುವುದು ಗುರಿಯಿಡುವುದರಲ್ಲಿ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ. ಪಕ್ಕದ ಕಟ್ಟಡ, ತೆಂಗಿನ ಮರ, ನಗರದ ಮಬ್ಬು, ಯಾವುದಾದರೂ ಸಾಕು ಅದನ್ನು ಮರೆಮಾಡಲು. ಅಕ್ಷವನ್ನು ಅಷ್ಟು ತಗ್ಗಿಸಿದಾಗ ಕೆಲವು ಮಾದರಿಗಳಲ್ಲಿ ಸಮತೂಕದ ಗುಂಡು ಟ್ರೈಪಾಡಿನ ಕಾಲಿಗೆ ತಾಗುವುದೂ ಉಂಟು. ಅಗ್ಗದ ಸಣಕಲು ಇಕ್ವೆಟೋರಿಯಲ್ ಮೌಂಟಿನ ಮೇಲೆ ಉದ್ದನೆಯ ಕೊಳವೆ ಕೂರಿಸಿ ಮಾರುವ ಜೋಡಿಗಳಂತೂ ಹೊಸಬರ ಉತ್ಸಾಹವನ್ನೇ ಕೊಲ್ಲುತ್ತವೆ.

ಇದಕ್ಕೆ ಎದುರಾಗಿ ಜಾನ್ ಡಾಬ್ಸನ್ ಕೊಟ್ಟ ಉತ್ತರ ಎಷ್ಟು ಸರಳ! ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದ ಅವರು, ಮಠ ಬಿಟ್ಟ ಮೇಲೆ 1968ರಲ್ಲಿ ಗೆಳೆಯರೊಂದಿಗೆ ಬೀದಿಬದಿಯ ಖಗೋಳ ವೀಕ್ಷಕರ ಗುಂಪು ಕಟ್ಟಿ, ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸಿದರು. ಅವರ ವಿನ್ಯಾಸದಲ್ಲಿರುವುದು ಪ್ಲೈವುಡ್ಡಿನ ಪೆಟ್ಟಿಗೆ, ನಯವಾಗಿ ಜಾರಲು ಟೆಫ್ಲಾನ್ ತುಂಡುಗಳು, ಅಷ್ಟೆ. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಕೈಯಲ್ಲೇ ತಳ್ಳಬೇಕು. ಮೌಂಟಿನಲ್ಲಿ ಉಳಿದ ಹಣ ಕನ್ನಡಿಗೆ ಹೋಗುತ್ತದೆ. 200 ಮಿ.ಮೀ. ಕನ್ನಡಿ 114 ಮಿ.ಮೀ. ಕನ್ನಡಿಗಿಂತ ಮೂರು ಪಟ್ಟು ಬೆಳಕು ಹಿಡಿಯುತ್ತದೆ. ಕಣ್ಣಿಟ್ಟು ನೋಡುವವರಿಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ. ನೆತ್ತಿಯ ಮೇಲಿನ ಕಾಯವನ್ನು ಹಿಂಬಾಲಿಸುವುದು ಮಾತ್ರ ಡಾಬ್ಸೋನಿಯನ್‌ಗೆ ಕಷ್ಟ.

ಕಂಪ್ಯೂಟರ್ ಬಂದ ಮೇಲೆ ಲೆಕ್ಕಾಚಾರ ಬದಲಾಗಿದೆ. ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕಗಳಲ್ಲೇ ಇದನ್ನು ಕಾಣಬಹುದು. ಕಾವಲೂರಿನ ಹಳೆಯ 2.34 ಮೀಟರಿನದು ಇಕ್ವೆಟೋರಿಯಲ್. ಲಡಾಖಿನ ಹಾನ್ಲೆಯಲ್ಲಿದ್ದು ಹೊಸಕೋಟೆಯಿಂದ ನಿಯಂತ್ರಿತವಾಗುವ 2 ಮೀಟರಿನದು ಆಲ್ಟ್-ಅಜಿಮತ್, ಅಂದರೆ ಡಾಬ್ಸೋನಿಯನ್‌ನಂತೆ ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವಂಥದ್ದು. ಕಾಯವನ್ನು ತಾವೇ ಹುಡುಕಿ ಗುರಿಯಿಡುವ ಹವ್ಯಾಸಿಗಳ ಹಲವು ‘ಗೋಟು’ ಮೌಂಟುಗಳಲ್ಲೂ ಇದೇ ತಂತ್ರವಿದೆ: ಎರಡೂ ಅಕ್ಷಗಳನ್ನು ಮೋಟಾರುಗಳೇ ತಿದ್ದುತ್ತವೆ. ಗ್ರಹ ನೋಡಲು ಅಷ್ಟು ಸಾಕು. ದೀರ್ಘ ಎಕ್ಸ್‌ಪೋಶರಿನ ಚಿತ್ರಕ್ಕೆ ಸಾಲದು, ಏಕೆಂದರೆ ನಡುವಿನ ನಕ್ಷತ್ರ ಅಲುಗದಿದ್ದರೂ ಅದರ ಸುತ್ತಲಿನ ದೃಶ್ಯ ನಿಧಾನವಾಗಿ ತಿರುಗುತ್ತಿರುತ್ತದೆ. ಸೀಸ್ಟಾರ್ ಎಸ್50ಯಂಥ ಪುಟ್ಟ ಸ್ಮಾರ್ಟ್ ದೂರದರ್ಶಕಗಳು ಕೆಲವೇ ಸೆಕೆಂಡುಗಳ ಹಲವು ಚಿತ್ರಗಳನ್ನು ಪೇರಿಸಿ ಈ ಕೊರತೆಯನ್ನು ಜಾಣತನದಿಂದ ದಾಟಿವೆ. ಆದರೆ ಅವುಗಳಲ್ಲಿ ಐಪೀಸೇ ಇಲ್ಲ. ಶನಿಯ ಉಂಗುರವನ್ನು ಸ್ವಂತ ಕಣ್ಣಲ್ಲಿ ಕಾಣುವ ಸುಖವನ್ನು ಮೊಬೈಲ್ ಪರದೆ ಕೊಡಲಾರದು.

ಆದ್ದರಿಂದ ಮೊದಲ ದೂರದರ್ಶಕ ಕೊಳ್ಳುವವರು, ಮಹಡಿಯ ಮೇಲೆ ಹೊತ್ತೊಯ್ಯುವ ಶಕ್ತಿಯಿದ್ದರೆ, 150 ಅಥವಾ 200 ಮಿ.ಮೀ. ಡಾಬ್ಸೋನಿಯನ್ ಆರಿಸಲಿ. ನೀಹಾರಿಕೆಗಳ ಚಿತ್ರ ತೆಗೆಯುವ ಹಂಬಲ ಹುಟ್ಟಿದ ಮೇಲೆ ಗಟ್ಟಿಮುಟ್ಟಾದ ಇಕ್ವೆಟೋರಿಯಲ್ ಮೌಂಟಿಗೆ ಹಣ ಕೂಡಿಡಬಹುದು.