ಪರದೆಯಾಚೆ ಓದುವವರು ಯಾರು?

ಮೂರು ತಿಂಗಳು ದಾಟಿದರೂ ಹೋಗದ ನೋವು ಹದಿಹರೆಯದವರಲ್ಲಿ ಅಪರೂಪವೇನಲ್ಲ. ಬೇರೆಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಇದೆ. ತಲೆನೋವು, ಹೊಟ್ಟೆನೋವು, ಬೆನ್ನು ಮತ್ತು ಕೀಲುಗಳ ನೋವು. ಎಷ್ಟೋ ಸಲ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲವೂ ‘ನಾರ್ಮಲ್’ ಎಂದೇ ಬರುತ್ತವೆ. ಅಲ್ಲಿಂದ ಶಾಲೆಯಲ್ಲಿ ‘ನಾಟಕ’ ಎಂಬ ಮಾತು ಶುರು. ಹುಡುಗಿ ಮೊದಲು ಆಟ ಬಿಡುತ್ತಾಳೆ, ಆಮೇಲೆ ಗೆಳತಿಯರ ಒಡನಾಟ, ಕೊನೆಗೆ ತರಗತಿಯನ್ನೇ. ಇಂಥ ಮಕ್ಕಳಿಗೆ ಗುಳಿಗೆಯೊಂದನ್ನೇ ನೆಚ್ಚದೆ ವ್ಯಾಯಾಮ, ಮನೋಚಿಕಿತ್ಸೆಗಳನ್ನೂ ಕೊಡಬೇಕು, ಮನೋಚಿಕಿತ್ಸೆಯನ್ನು ಎದುರು ಕೂತೂ ಕೊಡಬಹುದು, ದೂರದಿಂದಲೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಆದರೆ ಮಕ್ಕಳ ನೋವಿನಲ್ಲಿ ಪಳಗಿದ ಮನಶ್ಶಾಸ್ತ್ರಜ್ಞರು ಎಲ್ಲ ದೇಶಗಳಲ್ಲೂ ವಿರಳ. ಹಾಗಾಗಿಯೇ ಇಂಟರ್ನೆಟ್ಟಿನ ದಾರಿ.

ಆ ದಾರಿಯಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದ ಕಾರ್ಯಕ್ರಮಗಳಲ್ಲಿ ಒಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಟೋನ್ಯಾ ಪಲೆರ್ಮೊ ಮತ್ತು ಸಂಗಡಿಗರು ಕಟ್ಟಿದ ‘ವೆಬ್‌ಮ್ಯಾಪ್’. 11ರಿಂದ 17 ವರ್ಷದವರಿಗಾಗಿ ಮಾಡಿದ್ದು. ತಳಹದಿ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆಯನ್ನು ತಿದ್ದಿಕೊಳ್ಳುವ ಚಿಕಿತ್ಸೆ. ಮಕ್ಕಳಿಗೊಂದು ತಾಣ, ತಂದೆತಾಯಿಗೆ ಬೇರೆಯೇ ಒಂದು. ಪ್ರಪಂಚ ಸುತ್ತುವ ಪ್ರವಾಸದಂತೆ ಪಾಠಗಳ ಹೊದಿಕೆ: ಒಂದು ಊರು ಮುಗಿದರೆ ಮುಂದಿನ ಊರು. ನೋವು ಹೇಗೆ ಹುಟ್ಟುತ್ತದೆ, ಉಸಿರಾಟದ ಅಭ್ಯಾಸ, ಶಾಲೆಯಲ್ಲಿ ನೋವು ಬಂದಾಗ ಏನು ಮಾಡುವುದು, ನಿದ್ದೆ, ಚಟುವಟಿಕೆ, ನೋವು ಮರುಕಳಿಸಿದರೆ ಏನು ಮಾಡಬೇಕು ಎಂಬ ಸಿದ್ಧತೆ.

ಈ ಪ್ರವಾಸದ ಹೊದಿಕೆಯನ್ನು ಮೆಚ್ಚಿದವರು ಇದ್ದಾರೆ. ನನಗೆ ಅದು ಅಷ್ಟು ಮುಖ್ಯ ಅನ್ನಿಸುವುದಿಲ್ಲ. ಹದಿನಾರರ ಹುಡುಗನನ್ನು ನಕ್ಷೆಯೊಂದು ಎರಡು ವಾರ ಹಿಡಿದಿಟ್ಟೀತು, ಎರಡು ತಿಂಗಳು ಹಿಡಿದಿಡಲಾರದು. ಇದರ ನಿಜವಾದ ಬಲ ಇರುವುದು ಎರಡು ಕಡೆ. ಒಂದು, ಪೋಷಕರ ಪುಟಗಳು. ದಿನಾ ಬೆಳಿಗ್ಗೆ ಹಾಸಿಗೆಯ ಪಕ್ಕ ನಿಂತು ‘ಇವತ್ತು ನೋವು ಹೇಗಿದೆ?’ ಎಂದು ಕೇಳುವ ತಾಯಿಗೆ ಅದು ಹೇಳುವುದು ಸರಳವಾದರೂ ಕಷ್ಟದ ಮಾತು: ಆ ಪ್ರಶ್ನೆಯನ್ನು ಬಿಡಿ, ಮಗಳು ಅರ್ಧ ದಿನವಾದರೂ ಶಾಲೆಗೆ ಹೋಗಿಬಂದರೆ ಅದನ್ನು ಗಮನಿಸಿ ಮೆಚ್ಚಿ, ಮನೆಯಲ್ಲೇ ಉಳಿದ ದಿನ ಟಿವಿ, ಮೊಬೈಲು, ವಿಶೇಷ ಉಪಚಾರ ಬೇಡ. ಪ್ರೀತಿ ಕಡಿಮೆ ಮಾಡಿ ಎಂದಲ್ಲ, ಪ್ರೀತಿ ತೋರಿಸುವ ಸಮಯ ಬದಲಿಸಿ ಎಂದು. ಅನುಕಂಪವೇ ನೋವಿಗೆ ಗೊಬ್ಬರವಾಗಬಲ್ಲದು ಎಂಬ ಈ ತಿಳಿವಳಿಕೆಯನ್ನು ತಾಯಿಯ ಮೇಲೆ ತಪ್ಪು ಹೊರಿಸದೆ ದಾಟಿಸುವುದು ಸುಲಭವಲ್ಲ.

ಇನ್ನೊಂದು ಬಲ, ಕೋಚ್. ಮೂಲ ವೆಬ್‌ಮ್ಯಾಪ್‌ನಲ್ಲಿ ಮಗು ಬರೆದು ಕಳಿಸಿದ ಹೋಂವರ್ಕನ್ನು ಒಬ್ಬ ಮನುಷ್ಯ ಓದಿ ಉತ್ತರಿಸುತ್ತಿದ್ದ. ‘ಗಣಿತದ ಪೀರಿಯಡ್‌ನಲ್ಲಿ ಹೊಟ್ಟೆ ಹಿಂಡಿತು, ಉಸಿರಾಟ ಮಾಡಿ ನೋಡಿದೆ, ಪ್ರಯೋಜನ ಆಗಲಿಲ್ಲ’ ಎಂದು ಒಬ್ಬಳು ಬರೆದಳು ಎಂದಿಟ್ಟುಕೊಳ್ಳಿ. ಇಂಥ ಸಾಲಿಗೆ ‘ಭೇಷ್, ಮುಂದಿನ ಪಾಠಕ್ಕೆ ಹೋಗಿ’ ಎಂಬ ಸಿದ್ಧ ಸಂದೇಶ ಬಂದರೆ ಅವಳು ಮತ್ತೆ ಬರೆಯುವುದಿಲ್ಲ. ‘ನೋವು ಜೋರಾದ ಮೇಲೆ ಶುರು ಮಾಡಿದೆಯಾ, ಮೊದಲೇ ಮಾಡಿದೆಯಾ?’ ಎಂದು ಯಾರಾದರೂ ಕೇಳಿದರೆ ಬರೆಯುತ್ತಾಳೆ. ವೈದ್ಯರಿಂದಲೂ ಮಾಸ್ತರರಿಂದಲೂ ನಂಬಿಕೆ ಸಿಗದ ಮಗುವಿಗೆ, ತಾನು ಬರೆದದ್ದನ್ನು ಒಬ್ಬರು ನಂಬಿ ಓದಿದ್ದಾರೆ ಎಂಬುದೇ ಚಿಕಿತ್ಸೆಯ ಅರ್ಧ.

ಫಲಿತಾಂಶ? 2009ರಲ್ಲಿ ಪ್ರಕಟವಾದ 48 ಮಕ್ಕಳ ಸಣ್ಣ ಪ್ರಯೋಗದಲ್ಲಿ ನೋವೂ ಇಳಿಯಿತು, ಅದು ದಿನಚರಿಗೆ ತರುವ ಅಡ್ಡಿಯೂ ಇಳಿಯಿತು. 2016ರ ದೊಡ್ಡ ಪ್ರಯೋಗ ಇನ್ನೂ ಕಠಿಣ. ಅಮೆರಿಕ ಮತ್ತು ಕೆನಡಾದ 15 ನೋವು ಚಿಕಿತ್ಸಾ ಕೇಂದ್ರಗಳಿಂದ ಬಂದ 273 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಸಿಬಿಟಿ, ಉಳಿದವರಿಗೆ ನೋವಿನ ಬಗ್ಗೆ ಮಾಹಿತಿ ಮಾತ್ರ. ಆರು ತಿಂಗಳ ನಂತರ ನೋಡಿದರೆ ಸಿಬಿಟಿ ಪಡೆದವರ ದಿನಚರಿ ಹೆಚ್ಚು ಸುಧಾರಿಸಿತ್ತು. ನೋವಿನ ತೀವ್ರತೆಯಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸೋಲು ಎನ್ನುವವರ ಜೊತೆ ನನಗೆ ಸಹಮತವಿಲ್ಲ. ನೋವಿದ್ದೂ ಶಾಲೆಗೆ ಹೋಗುವ, ಗೆಳೆಯರ ಜೊತೆ ಕೂತು ಉಣ್ಣುವ ಮಗು ಗೆದ್ದ ಮಗುವೇ. ಆದರೆ ಮಕ್ಕಳಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ನೋವು ಹೋಗುತ್ತದೆಂದು ನಂಬಿ ಬಂದವರು ಮೂರನೇ ವಾರಕ್ಕೆ ಬಿಟ್ಟುಹೋದರೆ ಅದನ್ನು ಅವರ ಸೋಮಾರಿತನ ಎನ್ನಲಾಗದು.

ಆಮೇಲೆ ಅದೇ ಚಿಕಿತ್ಸೆ ಫೋನಿಗೆ ಇಳಿಯಿತು. 2020ರಲ್ಲಿ ವರದಿಯಾದ ‘ವೆಬ್‌ಮ್ಯಾಪ್ ಮೊಬೈಲ್’ ಪ್ರಯೋಗದಲ್ಲಿ 143 ಮಕ್ಕಳಿದ್ದರು. ಹೆಚ್ಚು ಜನರನ್ನು ತಲುಪಬೇಕು, ಖರ್ಚು ತಗ್ಗಬೇಕು ಎಂಬುದು ಉದ್ದೇಶ. ಕೋಚ್ ಹೋದ, ಮಗುವೇ ಆ್ಯಪ್ ತೆರೆದು ತಾನೇ ಕಲಿಯಬೇಕು. ಎಂದಿನ ಚಿಕಿತ್ಸೆ ಪಡೆದವರಿಗಿಂತ ನೋವಿನಲ್ಲಾಗಲಿ ದಿನಚರಿಯಲ್ಲಾಗಲಿ ಎದ್ದು ಕಾಣುವ ಬದಲಾವಣೆ ಒಟ್ಟಾರೆ ಆಗಲಿಲ್ಲ. ಆದರೂ ಆ್ಯಪ್ ಸಿಕ್ಕವರು ತಾವು ಸುಧಾರಿಸಿದ್ದೇವೆ ಎಂದು ಹೆಚ್ಚಾಗಿ ಹೇಳಿದರು. ಜೊತೆಗೆ, ಹೆಚ್ಚು ಪಾಠ ಮುಗಿಸಿದವರಲ್ಲಿ ನೋವೂ ಅಡ್ಡಿಯೂ ಹೆಚ್ಚು ಇಳಿದವು. ಕೋಚ್ ಇಲ್ಲದ್ದೇ ಕಾರಣ ಎಂದು 2016 ಮತ್ತು 2020ರ ಈ ಎರಡು ಪ್ರಯೋಗಗಳಿಂದ ಸಾಬೀತಾಗುವುದಿಲ್ಲ, ನಿಜ. ನನ್ನ ಅನುಮಾನ ಮಾತ್ರ ಅತ್ತಲೇ.

ಹೆಚ್ಚು ಪಾಠ ಮುಗಿಸಿದವರು ಹೆಚ್ಚು ಚೇತರಿಸಿಕೊಂಡರು ಎಂಬ ಅಂಶವನ್ನು ಹಿಡಿದು ‘ಹಾಗಾದರೆ ಹೆಚ್ಚು ಪಾಠ ಮುಗಿಸುವಂತೆ ಮಾಡಿದರಾಯಿತು’ ಎನ್ನುವ ವಾದ ಈ ಕ್ಷೇತ್ರದಲ್ಲಿ ಬಲವಾಗಿದೆ. ನೆನಪಿಸುವ ಸಂದೇಶ, ಅಂಕ, ಬ್ಯಾಡ್ಜು ಎಲ್ಲ ಅಲ್ಲಿಂದಲೇ ಬಂದವು. ಇಲ್ಲಿ ನನ್ನ ತಕರಾರಿದೆ. ಪಾಠ ಮುಗಿಸಿದ್ದರಿಂದ ಚೇತರಿಸಿಕೊಂಡರೋ, ಚೇತರಿಕೆಯ ಹಾದಿಯಲ್ಲಿದ್ದವರೇ ಪಾಠ ಮುಗಿಸಿದರೋ? ಖಿನ್ನತೆ ಕವಿದ, ನಿದ್ದೆಗೆಟ್ಟ ಮಗು ಎಲ್ಲ ಪಾಠ ಮುಗಿಸುವುದು ಹೇಗೆ? ಅತ್ತ, ಮೂರು ಪಾಠ ಓದಿ, ಬೇಕಾದದ್ದನ್ನು ಕಲಿತು, ಕ್ರಿಕೆಟ್ ಆಡಲು ಓಡಿದವನೂ ಲೆಕ್ಕದಲ್ಲಿ ಬಿಟ್ಟುಹೋದವನೇ. ತೊಡಗುವಿಕೆಯನ್ನು ಕ್ಲಿಕ್ಕುಗಳಲ್ಲಿ ಅಳೆದರೆ ಮಗು ಪರದೆಗೆ ಎಷ್ಟು ವಿಧೇಯ ಎಂಬುದು ತಿಳಿಯುತ್ತದೆ. ಕಲಿತದ್ದನ್ನು ಬಸ್ಸಿನಲ್ಲೋ ತರಗತಿಯಲ್ಲೋ ಒಮ್ಮೆಯಾದರೂ ಬಳಸಿತೇ ಎಂಬುದು ತಿಳಿಯುವುದಿಲ್ಲ.

ದೂರದಿಂದ ಕೊಡುವ ಇಂಥ ಚಿಕಿತ್ಸೆಗಳ ಬಗ್ಗೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2019ರ ಸಮೀಕ್ಷೆಗೆ ಸಿಕ್ಕಿದ್ದು 10 ಅಧ್ಯಯನಗಳು, 697 ಮಕ್ಕಳು. ಪುರಾವೆಯ ಗುಣಮಟ್ಟ ತೀರ ಕೆಳಗಿನದು ಎಂದು ಅದು ನೇರವಾಗಿಯೇ ಹೇಳಿತು. ಅದೂ ಅಲ್ಲದೆ 2016ರ ಪ್ರಯೋಗದಲ್ಲಿದ್ದವರು ಬಹುಪಾಲು ಬಿಳಿಯ ಹುಡುಗಿಯರು. ಸ್ವಂತ ಫೋನು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ, ಪಾಠ ಓದಲು ಬಿಡುವಿರುವ ತಂದೆತಾಯಿ, ಇವೆಲ್ಲ ಇರುವ ಮನೆಗಳನ್ನು ಮನಸ್ಸಿನಲ್ಲಿಟ್ಟೇ ಇಂಥ ಕಾರ್ಯಕ್ರಮಗಳನ್ನು ಕಟ್ಟಲಾಗುತ್ತದೆ.

ನಮ್ಮ ರಾಜ್ಯಕ್ಕೆ ಇದರ ನಂಟು ಎಲ್ಲಿ ಎಂದರೆ, ಸಿಕಲ್ ಸೆಲ್ ರಕ್ತಹೀನತೆಯಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಕುಟುಂಬಗಳಲ್ಲಿರುವ ಈ ಕಾಯಿಲೆಯಲ್ಲಿ ಮೂಳೆ ಮುರಿದಂಥ ನೋವು ಮತ್ತೆಮತ್ತೆ ಬರುತ್ತದೆ. ಅದೇ ಕಾಯಿಲೆಯ ಹದಿಹರೆಯದವರಿಗಾಗಿ ಉತ್ತರ ಅಮೆರಿಕದಲ್ಲಿ ‘ಐಕ್ಯಾನ್‌ಕೋಪ್’ ಎಂಬ ಆ್ಯಪ್ ಬಂದಿದೆ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈನಲ್ಲಿ ಶುರುವಾಯಿತು, ಕರ್ನಾಟಕವೂ ಅದರಲ್ಲಿದೆ. ಇತ್ತ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವ ಮನುಷ್ಯರು ಸಿಗುತ್ತಾರೆ. ನೋವಿನ ಮಕ್ಕಳಿಗೆ ಕನ್ನಡದಲ್ಲಿ ಏನಾದರೂ ಕಟ್ಟುವವರು ಇಲ್ಲಿಂದ ಶುರು ಮಾಡಲಿ. ಆ್ಯಪಿನ ಬಣ್ಣ, ಬ್ಯಾಡ್ಜುಗಳಿಗೆ ಹಣ ಸುರಿಯುವ ಮೊದಲು, ಮಗು ಬರೆದದ್ದನ್ನು, ಬರೆಯಲಾಗದಿದ್ದರೆ ಹೇಳಿದ್ದನ್ನು, ಕೇಳಿ ಉತ್ತರಿಸುವವರ ಸಂಬಳಕ್ಕೆ ಹಣ ತೆಗೆದಿಡಲಿ.